ರೆಡ್‌ಶರ್ಟ್ ವರ್ಷ ಆಟಗಾರನ ಸ್ವತ್ತಾಗಿರಲಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳು ಹೊಸದಾಗಿ ಸೇರಿದ ಹುಡುಗರನ್ನು ಮೊದಲ ವರ್ಷ ಪಂದ್ಯಕ್ಕಿಳಿಸದೆ 'ರೆಡ್‌ಶರ್ಟ್' ಮಾಡಲು ಈಗ ಹಿಂಜರಿಯುತ್ತಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ. ರೆಡ್‌ಶರ್ಟ್ ಆದವನು ತಂಡದೊಂದಿಗೆ ಅಭ್ಯಾಸ ಮಾಡುತ್ತಾನೆ, ತರಗತಿಗೆ ಹೋಗುತ್ತಾನೆ, ಪಂದ್ಯ ಮಾತ್ರ ಆಡುವುದಿಲ್ಲ. ಐದು ವರ್ಷಗಳಲ್ಲಿ ನಾಲ್ಕು ಋತು ಆಡಬಹುದೆಂಬ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ನಿಯಮವನ್ನು ನೆಚ್ಚಿ ಹೀಗೆ ಉಳಿಸಿಕೊಂಡ ವರ್ಷ, ಮೈ ಬಲಿತು ಆಟ ಮಾಗಿದ ಹೊತ್ತಿನಲ್ಲಿ ಅವನ ಕೈಗೆ ಮರಳುತ್ತದೆ.

ವರ್ಜೀನಿಯಾ ವಿಶ್ವವಿದ್ಯಾಲಯದ ಡಿಆಂಡ್ರೆ ಹಂಟರ್ 2016-17ರಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಕೋಚ್ ಟೋನಿ ಬೆನೆಟ್ ಅವರ ರಕ್ಷಣಾ ಪದ್ಧತಿ ಹೊಸಬರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಅದನ್ನು ಪ್ರತಿದಿನ ಹಿರಿಯರ ಎದುರು ಆಡಿ ಕಲಿಯಲು ಅವನಿಗೆ ಇಡೀ ವರ್ಷ ಸಿಕ್ಕಿತು. 2019ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಅವನು 27 ಅಂಕ ಗಳಿಸಿದ, ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ವರ್ಜೀನಿಯಾ 85-77ರಿಂದ ಗೆದ್ದಿತು, ಅದೇ ವರ್ಷ ವೃತ್ತಿಪರ ಲೀಗ್ ಎನ್‌ಬಿಎ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವನು 4ನೆಯವನಾಗಿ ಆಯ್ಕೆಯಾದ. ವಿಲ್ಲನೋವಾ ವಿಶ್ವವಿದ್ಯಾಲಯದ ಮಿಕಲ್ ಬ್ರಿಜಸ್ ಕೂಡ 2014-15ರಲ್ಲಿ ಹೀಗೆಯೇ ಕಾದು, 2016 ಮತ್ತು 2018ರ ಎರಡು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪಾಲುದಾರನಾದ.

ಹಾಗೆಂದು ಎಲ್ಲರಿಗೂ ಒಂದೇ ಅಳತೆ ಸಲ್ಲದು. 1972ಕ್ಕೆ ಮುನ್ನ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತೆಯೇ ಇರಲಿಲ್ಲ. ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ 1965ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಹೊಸಬರ ತಂಡದಲ್ಲಿದ್ದುಕೊಂಡು, ಹಿಂದಿನ ಎರಡು ವರ್ಷಗಳ ಚಾಂಪಿಯನ್ ಆಗಿದ್ದ ತನ್ನದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿದ್ದ! ಅಂಥವನನ್ನು ಕೂರಿಸುವುದು ಅನ್ಯಾಯವೇ ಸರಿ. ನನ್ನ ಮಾತು, ತಂಡದ ಪಟ್ಟಿಯಲ್ಲಿ ಹತ್ತು ಹನ್ನೆರಡನೆಯ ಸ್ಥಾನದಲ್ಲಿದ್ದು ಪಂದ್ಯಕ್ಕೆ ಮೂರು ನಿಮಿಷ ಆಡಿ ಇಡೀ ಋತುವನ್ನು ಕಳೆದುಕೊಳ್ಳುವ ಹುಡುಗನ ಬಗ್ಗೆ.

ಕೋಚ್‌ಗಳ ಅಳುಕು ನನಗೆ ಅರ್ಥವಾಗುತ್ತದೆ. 2021ರಿಂದ ಆಟಗಾರ ಕಾಲೇಜು ಬದಲಿಸಿದರೂ ಒಂದು ವರ್ಷ ಹೊರಗೆ ಕೂರಬೇಕಿಲ್ಲ. ತನ್ನ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸುವ ಅವಕಾಶವೂ ಅವನಿಗೆ ಅದೇ ವರ್ಷ ತೆರೆಯಿತು. ನಾವು ತಿದ್ದಿ ಬೆಳೆಸಿದವನನ್ನು ಇನ್ನೊಬ್ಬರು ಕರೆದೊಯ್ದರೆ ಏನು ಗತಿ ಎಂದು ಅವರು ಕೇಳುತ್ತಾರೆ. ಆದರೆ ಎರಡನೆಯ ವರ್ಷ ಸ್ಥಾನ ಉಳಿದೀತೇ ಎಂಬ ಭಯ ಹುಡುಗನಿಗೂ ಇದೆ, ಮತ್ತು ಇಬ್ಬರಲ್ಲಿ ದುರ್ಬಲನು ಅವನೇ. ಆದ್ದರಿಂದ ರೆಡ್‌ಶರ್ಟ್ ಮಾಡುವ ತಂಡ ಐದೂ ವರ್ಷಗಳ ವಿದ್ಯಾರ್ಥಿವೇತನವನ್ನು ಬರಹದಲ್ಲಿ ಖಾತರಿಪಡಿಸಬೇಕು.

ಇನ್ನೂ ಮುಖ್ಯವಾದದ್ದು ಡಿಸೆಂಬರ್ ತಿಂಗಳ ಆಮಿಷ. ಇಬ್ಬರು ಗಾಯಗೊಳ್ಳುತ್ತಾರೆ, ಕೋಚ್ ಬೆಂಚಿನ ತುದಿಯತ್ತ ನೋಡುತ್ತಾರೆ, ಆಗಲೇ ಸೋತ ಪಂದ್ಯದ ಕೊನೆಯ ಐದು ನಿಮಿಷಕ್ಕಾಗಿ ಹುಡುಗನ ವರ್ಷವೇ ಖರ್ಚಾಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಪಂದ್ಯ ಆಡಿಯೂ ರೆಡ್‌ಶರ್ಟ್ ಉಳಿಸಿಕೊಳ್ಳುವ ಅವಕಾಶವನ್ನು 2018ರಲ್ಲಿ ಕೊಟ್ಟ ಎನ್‌ಸಿಎಎ ಆಗ ಬಾಸ್ಕೆಟ್‌ಬಾಲ್ ಹುಡುಗರಿಗೆ ಅದನ್ನು ಕೊಡಲಿಲ್ಲ. ನವೆಂಬರ್‌ನ ಮೊದಲ ಪಂದ್ಯಕ್ಕೆ ಮುಂಚೆ ಹುಡುಗನೂ ಅವನ ಮನೆಯವರೂ ಕೂತು ಒಪ್ಪಿದ ತೀರ್ಮಾನವನ್ನು ಅವರ ಒಪ್ಪಿಗೆಯಿಲ್ಲದೆ ಕೋಚ್ ಮುರಿಯುವಂತಿರಬಾರದು.