ಭೇಂಡಿ ಬಜಾರನ್ನು ಸಮುದಾಯದ ಟ್ರಸ್ಟೇ ಕೆಡವಿ ಕಟ್ಟುವುದು ಸರಿಯೇ?

ದಕ್ಷಿಣ ಮುಂಬಯಿಯ ಭೇಂಡಿ ಬಜಾರ್ ದಾವೂದಿ ಬೋಹ್ರಾ ಎಂಬ ಶಿಯಾ ಮುಸ್ಲಿಂ ಪಂಗಡದ ವ್ಯಾಪಾರಿಗಳ ಹಳೆಯ ಪೇಟೆ. ಅವರ ಅಂದಿನ ಧರ್ಮಗುರು ಸೈಯದ್ನಾ ಮೊಹಮ್ಮದ್ ಬುರ್ಹಾನುದ್ದೀನ್ ಅವರ ಆಸೆಯಂತೆ 2009ರಲ್ಲಿ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಶುರುವಾಯಿತು. 16.5 ಎಕರೆ, ಸುಮಾರು 250 ಕಟ್ಟಡ, 3,200 ಕುಟುಂಬ, 1,250 ಅಂಗಡಿ. ಹಳೆಯದನ್ನು ಕೆಡವಿ, ಬಹುಮಹಡಿ ಗೋಪುರಗಳನ್ನು ಎಬ್ಬಿಸಿ, ಅಲ್ಲಿದ್ದವರಿಗೇ ಜಾಗ ಕೊಡುವುದು ಇದರ ಯೋಜನೆ. ಮೊದಲ ಗೋಪುರಗಳಿಗೆ ಜನ ಬಂದಾಗಿದೆ.

ಪರ

ಇಲ್ಲಿನ ಮನೆಗಳು ಯಾಕೆ ಇಷ್ಟು ಶಿಥಿಲವಾದವು ಅಂತ ತಿಳಿಯಬೇಕಾದರೆ ಪಗಡಿ ಪದ್ಧತಿ ಗೊತ್ತಿರಬೇಕು. ಬಾಡಿಗೆದಾರ ಮೊದಲೇ ದೊಡ್ಡ ಮೊತ್ತ ಕೊಟ್ಟು ಒಳಗೆ ಬರುತ್ತಾನೆ. ಆಮೇಲೆ ತಿಂಗಳಿಗೆ ಪುಡಿಗಾಸು. 1947ರ ಬಾಡಿಗೆ ಕಾನೂನು ಆ ಪುಡಿಗಾಸನ್ನು ಅಲ್ಲೇ ಕಟ್ಟಿಹಾಕಿತು. ಬರುವ ಬಾಡಿಗೆಯಲ್ಲಿ ಬಣ್ಣ ಬಳಿಯಲೂ ಆಗದು ಎಂದು ಮಾಲೀಕ ಸುಮ್ಮನಾದ. ಕಟ್ಟಡ ತನ್ನದಲ್ಲ ಎಂದು ಬಾಡಿಗೆದಾರನೂ ಸುಮ್ಮನಾದ. ನಡುವೆ ಮರದ ತೊಲೆಗಳು ಗೆದ್ದಲಿನ ಪಾಲಾದವು. ಬೆಳಗ್ಗೆ ಎದ್ದರೆ ಇಡೀ ಮಹಡಿಯವರು ಒಂದೇ ಶೌಚಾಲಯದ ಮುಂದೆ ಸಾಲು ನಿಲ್ಲಬೇಕು. ಇದನ್ನು ಪರಂಪರೆ ಅಂತ ಫೋಟೋ ತೆಗೆಯುವವರು ಆ ಸಾಲಿನಲ್ಲಿ ಒಂದು ದಿನ ನಿಂತು ನೋಡಲಿ.

ಈ ಗಂಟನ್ನು ಬಿಚ್ಚುವವರು ಯಾರು? ಹೊರಗಿನ ಬಿಲ್ಡರ್ ಬಂದರೆ ಕೈಗೆ ದುಡ್ಡಿಟ್ಟು ಊರಾಚೆಯ ಮೀರಾ ರೋಡಿಗೋ ಮುಂಬ್ರಾಕ್ಕೋ ಕಳಿಸುತ್ತಾನೆ. ಟ್ರಸ್ಟ್ ಹಾಗೆ ಮಾಡಲಿಲ್ಲ. ಮಾಲೀಕರಿಂದ ಕಟ್ಟಡಗಳನ್ನು ಕೊಂಡಿತು. ಕುಟುಂಬಕ್ಕೆ ಕನಿಷ್ಠ 350 ಚದರ ಅಡಿಯ ಮನೆ, ಒಳಗೇ ಶೌಚಾಲಯ, ಅದೂ ಪುಕ್ಕಟೆ, ಅವರದೇ ಹೆಸರಿನಲ್ಲಿ. ತಲೆಮಾರುಗಳಿಂದ ಬಾಡಿಗೆ ರಶೀದಿ ಒಂದೇ ಆಸ್ತಿಯಾಗಿದ್ದವರಿಗೆ ಇದು ಸಣ್ಣ ಮಾತಲ್ಲ.

ವ್ಯಾಪಾರದ ಲೆಕ್ಕ ಇನ್ನೂ ಗಟ್ಟಿ. ಇಲ್ಲಿನ ಅಂಗಡಿ ಒಂಟಿಯಾಗಿ ನಡೆಯುವುದಿಲ್ಲ. ಗಿರಾಕಿ ಕೇಳಿದ ಸ್ಕ್ರೂ ತನ್ನಲ್ಲಿ ಇಲ್ಲದಿದ್ದರೆ ಹುಡುಗನನ್ನು ಪಕ್ಕದ ಅಂಗಡಿಗೆ ಓಡಿಸಿ ತರಿಸುತ್ತಾರೆ. ಉದ್ರಿ ನಡೆಯುವುದು ಬಾಯಿಮಾತಿನ ಮೇಲೆ. ಇಂಥ ಅಂಗಡಿಯನ್ನು ಕಿತ್ತು ಊರಾಚೆಯ ಭಿವಂಡಿಯಲ್ಲಿ ಇಟ್ಟರೆ ಬೋರ್ಡು ಉಳಿಯುತ್ತದೆ, ವ್ಯಾಪಾರ ಉಳಿಯುವುದಿಲ್ಲ. ಹಳೆಯ ಪೇಟೆಗೇ ಎಲ್ಲರನ್ನೂ ವಾಪಸ್ ತರಬೇಕೆಂಬ ಹಟ ಅದೇ ಪೇಟೆಯವರಿಗೆ ಮಾತ್ರ ಇರಲು ಸಾಧ್ಯ.

2017ರ ಆಗಸ್ಟ್ 31ರ ಬೆಳಗ್ಗೆ ಪಾಕ್‌ಮೋಡಿಯಾ ಬೀದಿಯ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತರು. ಅದಾದ ಮೇಲೂ 'ರಿಪೇರಿ ಮಾಡಿ ಸಾಕು' ಅನ್ನುವುದು ಹೇಗೆ?

ವಿರೋಧ

ಅದೇ ಹುಸೈನಿ ಕಟ್ಟಡದಿಂದ ಶುರು ಮಾಡೋಣ. ಅದು ಇದೇ ಯೋಜನೆಯೊಳಗೆ ಇದ್ದ ಕಟ್ಟಡ. ಕೆಲವು ಕುಟುಂಬಗಳನ್ನು ಮೊದಲೇ ಬೇರೆಡೆಗೆ ಕಳಿಸಲಾಗಿತ್ತು. ಆದರೂ ಒಳಗೆ ಜನ ಇದ್ದರು. ಟ್ರಸ್ಟ್ ಹುಟ್ಟಿ ಆಗಲೇ 8 ವರ್ಷವಾಗಿತ್ತು. ಇಡೀ ಪೇಟೆಯನ್ನು ಒಟ್ಟಿಗೆ ಕಟ್ಟುವ ದೊಡ್ಡ ಕನಸಿಗೆ ಕಾಯುತ್ತಾ ಕೂತರೆ ಇವತ್ತಿನ ತೊಲೆ ಕಾಯುವುದಿಲ್ಲ.

'ಅಲ್ಲಿದ್ದವರಿಗೇ ಮನೆ' ಅನ್ನುತ್ತಾರೆ. ಅಲ್ಲಿದ್ದವರು ಅಂದರೆ ರಶೀದಿ ಇದ್ದವರು, ಅಲ್ವಾ? ರಾತ್ರಿ ಅಂಗಡಿಯ ಅಟ್ಟದಲ್ಲೇ ಚಾಪೆ ಹಾಸುವ ಕೂಲಿ, ಮಿಠಾಯಿ ಭಟ್ಟಿಯ ಹುಡುಗ, ಫುಟ್‌ಪಾತಿನಲ್ಲಿ ಬುಟ್ಟಿ ಇಟ್ಟವಳು, ಒಳಬಾಡಿಗೆಗೆ ಇದ್ದವರು ಯಾವ ರಶೀದಿ ತೋರಿಸಬೇಕು? ಈ ಪೇಟೆಯ ವ್ಯಾಪಾರ ನಿಂತಿರುವುದು ಅವರ ಅಗ್ಗದ ದುಡಿಮೆಯ ಮೇಲೆ. ಅಟ್ಟ ಹೋದರೆ ಅವರೂ ಹೋಗುತ್ತಾರೆ. ಆಗ ಆ ಸ್ಕ್ರೂ ತರಲು ಓಡುವವರು ಯಾರು?

ನನಗೆ ಎಲ್ಲಕ್ಕಿಂತ ಕಸಿವಿಸಿ ಆಗುವುದು ಬೇರೆ ಕಡೆ. ಬಿಲ್ಡರ್ ಜೊತೆ ಜಗಳವಾದರೆ ವಕೀಲನನ್ನು ಹಿಡಿಯಬಹುದು. ಟ್ರಸ್ಟ್ ಜೊತೆ ಜಗಳವಾದರೆ? ಅದರ ಹಿಂದೆ ಧರ್ಮಪೀಠ ಇದೆ. ಮದುವೆ, ದಫನ್ (ಶವ ಹೂಳುವುದು) ಎಲ್ಲವೂ ಜಮಾತಿನ, ಅಂದರೆ ಬೋಹ್ರಾ ಸಮುದಾಯದ ಸಂಘದ, ಮೂಲಕವೇ ಆಗಬೇಕು. ಬೋಹ್ರಾ ಧರ್ಮಗುರುವಿಗೆ ಬಹಿಷ್ಕಾರ ಹಾಕುವ ಅಧಿಕಾರ ಇದೆ ಎಂದು 1962ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಟ್ರಸ್ಟ್ ಯಾರನ್ನೂ ಹೆದರಿಸಬೇಕಾಗಿಲ್ಲ. ಅಂಥ ಕಡೆ 'ನನ್ನ ಮನೆ ಕೊಡಲಾರೆ' ಎನ್ನಲು ಎಷ್ಟು ಧೈರ್ಯ ಬೇಕು ಯೋಚಿಸಿ. ಒಪ್ಪಿಗೆ ಪತ್ರದ ಸಹಿಯಲ್ಲಿ ಇದು ಕಾಣುವುದಿಲ್ಲ. ಇನ್ನು ಅಲ್ಲಿ ಬೋಹ್ರಾ ಅಲ್ಲದ ಬಾಡಿಗೆದಾರರೂ ಇದ್ದಾರೆ. ಅವರಿಗೆ ಇದು ತಮ್ಮ ಸಮುದಾಯದ ಟ್ರಸ್ಟ್ ಅಲ್ಲವೇ ಅಲ್ಲ.

ಗೋಪುರದಲ್ಲಿ ಲಿಫ್ಟು, ಪಂಪು, ಕಾವಲುಗಾರ ಅಂತ ಖರ್ಚು ಜಾಸ್ತಿ. ಪುಡಿಗಾಸು ಬಾಡಿಗೆಗೆ ಒಗ್ಗಿದ ಕುಟುಂಬ 20 ವರ್ಷದ ನಂತರವೂ ಅದನ್ನು ಭರಿಸಬಲ್ಲದೇ? ಆಗದಿದ್ದರೆ ಮಾರಿ ಹೋಗುತ್ತದೆ. ಬಿಲ್ಡರ್ ಇಂದು ಮಾಡುವುದನ್ನು ಮಾರುಕಟ್ಟೆ ನಾಳೆ ಮಾಡುತ್ತದೆ.

ಹಿಂದೂಸ್ತಾನಿ ಸಂಗೀತದ ಒಂದು ಘರಾನೆಗೇ ಹೆಸರು ಕೊಟ್ಟ ಗಲ್ಲಿಗಳಿವು. ಅದಕ್ಕಾಗಿ ಯಾರೂ ಬೀಳುವ ಮನೆಯಲ್ಲಿ ಇರಬೇಕಿಲ್ಲ, ನಿಜ. ಆದರೆ ಇನ್ನೂ ಕೆಡವದ ಕಟ್ಟಡಗಳಲ್ಲಿ ರಶೀದಿ ಇಲ್ಲದವರ ಹೆಸರನ್ನೂ ಮೊದಲು ಬರೆದುಕೊಳ್ಳಲಿ. ಲೆಕ್ಕ ಕೇಳುವ ಹಕ್ಕು ಜಮಾತಿನ ಹೊರಗಿನ ಬಾಡಿಗೆದಾರನಿಗೂ ಇರಲಿ. ಆಮೇಲೆ ಜೆಸಿಬಿ ಬರಲಿ.