ವೇರ್‌ಆಸ್ ಮತ್ತು ಒಂದು ಶಾಲು

ಮಗಳಿಗೆ ಕಿಂಡರ್‌ಗಾರ್ಟನ್‌ನಲ್ಲಿ ಪಾಠ ಹೇಳಿದ ಟೀಚರ್ ರಿಟೈರ್ ಆಗ್ತಿದ್ರು, ಅವರಿಗೆ ಕೌಂಟಿ ಬೋರ್ಡ್‌ನವರು ಸನ್ಮಾನ ಮಾಡ್ತಾರಂತೆ ಅಂತ ಇನ್ನೊಬ್ಬ ಪೇರೆಂಟ್ ಮೆಸೇಜ್ ಹಾಕಿದ್ರು. ಸನ್ಮಾನ ಅಂದ ತಕ್ಷಣ ನನ್ನ ತಲೇಲಿ ಶಾಲು, ಹಾರ, ಮೈಸೂರು ಪೇಟ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ ಎಲ್ಲಾ ಸಾಲಾಗಿ ಬಂದು ನಿಂತ್ವು, ಅರ್ಧ ದಿನ ರಜಾ ಹಾಕಿ ಹೊರಟೇಬಿಟ್ಟೆ.

ನಾವಿರೋದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ ಅನ್ಕೊಳ್ಳಿ, ಆದ್ರೆ ಡಿಸಿ ಸಾಹೇಬ್ರು ಇಲ್ಲ, ಜನ ಓಟು ಹಾಕಿ ಕಳಿಸಿದ 5 ಜನ ಸೂಪರ್‌ವೈಸರ್‌ಗಳ ಬೋರ್ಡು, ಸುಮಾರು 19 ಲಕ್ಷ ಜನಕ್ಕೆ ಈ ಐದೇ ಮಂದಿ. ಸೂಪರ್‌ವೈಸರ್ ಅಂದ್ರೆ ನಮ್ಕಡೆ ಗಾರ್ಮೆಂಟ್ಸ್‌ನಲ್ಲಿ ಲೈನ್ ನೋಡ್ಕೊಳ್ಳೋರು, ಇಲ್ಲಿ ಆಸ್ಪತ್ರೆ, ಜೈಲು, ರಸ್ತೆ ಇವರ ಸುಪರ್ದಿ. ಸುಪರ್ದಿಲಿ ಇಲ್ಲದೇ ಇರೋದು ಅಂದ್ರೆ ಸ್ಕೂಲು! ಕೌಂಟಿ ಒಳಗೆ 31 ಸ್ಕೂಲ್ ಡಿಸ್ಟ್ರಿಕ್ಟ್, ಒಂದೊಂದಕ್ಕೂ ಅದರದ್ದೇ ಬೋರ್ಡು, ಅದು ಸಾಲದು ಅಂತ ಕೌಂಟಿ ಎಜುಕೇಶನ್ ಬೋರ್ಡ್ ಅಂತ ಬೇರೇನೇ 7 ಜನ. ಅಂದ್ರೆ ಟೀಚರ್‌ಗೆ ಸಂಬಳ ಕೊಡೋರು ಒಬ್ರು, ಹೊಗಳೋರು ಇನ್ನೊಬ್ರು. ಇದೇ ಸರಿ ಬಿಡಿ, ಸಂಬಳ ಕೊಡೋರು ಹೊಗಳೋಕೆ ಶುರು ಮಾಡಿದ್ರೆ ಹಿಂದೆನೇ ಎಕ್ಸ್‌ಟ್ರಾ ಡ್ಯೂಟಿ ಬರ್ತಿದೆ ಅಂತ ಆಫೀಸಿಗೆ ಹೋಗೋ ಯಾರಿಗೆ ಗೊತ್ತಿಲ್ಲ?

ಇಲ್ಲಿ ಬ್ರೌನ್ ಆಕ್ಟ್ ಅಂತ 1953ರ ಕಾನೂನೊಂದಿದೆ, ಇಂಥ ಬೋರ್ಡುಗಳು ಕದ್ದುಮುಚ್ಚಿ ಏನೂ ತೀರ್ಮಾನ ಮಾಡಬಾರದು, ಮಾಮೂಲಿ ಮೀಟಿಂಗಿನ ಅಜೆಂಡಾನ 72 ಗಂಟೆ ಮುಂಚೆನೇ ಎಲ್ರಿಗೂ ಕಾಣೋ ಹಾಗೆ ಹಾಕ್ಬೇಕು. ಟೀಚರ್‌ನ ಹೊಗಳೋದೂ ಅಜೆಂಡಾದಲ್ಲಿ ಒಂದು ಐಟಂ, ನಂಬರ್ ಸಮೇತ. ಮೂರು ದಿನ ಮುಂಚೆ ನೋಟಿಸ್ ಹಾಕಿ ಹೊಗಳೋದು ನಾನಂತೂ ಎಲ್ಲೂ ಕಂಡಿರ್ಲಿಲ್ಲ.

ಅದೇನೋ ಒಳ್ಳೇದೇ, ಸನ್ಮಾನ ಮೊದಲೇ ಮುಗಿಸ್ತಾರೆ. ಟೀಚರ್ ಮುಂದೆ ಹೋಗಿ ನಿಂತ್ರು, ಸೂಪರ್‌ವೈಸರ್ ಒಬ್ರು ಠರಾವು ಓದೋಕೆ ಶುರು ಮಾಡಿದ್ರು: ವೇರ್‌ಆಸ್ (ಅಂದ್ರೆ 'ಹೀಗಿರುವುದರಿಂದ') ಹಿಂಗೆ, ವೇರ್‌ಆಸ್ ಹಂಗೆ. ನಂಗೆ ನಮ್ಮೂರ ಕ್ರಯಪತ್ರ ನೆನಪಾಯ್ತು. ಇಂಥವರು ಇಷ್ಟು ವರ್ಷ ಪಾಠ ಮಾಡಿರುವುದರಿಂದಲೂ, ಮಕ್ಕಳ ಏಳಿಗೆಗಾಗಿ ದುಡಿದಿರುವುದರಿಂದಲೂ, ಈ ಮೂಲಕ... ಚಕ್ಕುಬಂದಿ ಒಂದು ಹೇಳಿಲ್ಲ ಅಷ್ಟೇ. ನಮ್ಮ ಬಿನ್ನವತ್ತಳೆನೂ ಏನು ಕಮ್ಮಿ ಅಲ್ಲ ಬಿಡಿ, ಅದರಲ್ಲಿ ಪ್ರೈಮರಿ ಮೇಷ್ಟ್ರೆಲ್ಲಾ ಜ್ಞಾನಸಾಗರ ಆಗಿರ್ತಾರೆ. ಎರಡರಲ್ಲೂ ಬಿಟ್ಟುಹೋಗೋದು ಒಂದೇ, ಆ ಮನುಷ್ಯ ನಿಜವಾಗ್ಲೂ ಏನ್ ಮಾಡಿದ್ರು ಅನ್ನೋದು. ನನ್ನ ಮಗಳಿಗೆ ಶೂ ಲೇಸ್ ಕಟ್ಟೋದು ಕಲಿಸಿದ್ದು ಇವರು, ನಾನೂ ನನ್ನ ಹೆಂಡ್ತೀನೂ ಎರಡು ತಿಂಗಳು ಒದ್ದಾಡಿ ಸೋತು ಅಂಟಿಸೋ ಪಟ್ಟಿ ಇರೋ ಶೂ ತಂದ್ಕೊಟ್ಟಿದ್ವಿ, ಇವರು ಮೊಲದ ಕಿವಿ ಎರಡು ಮಾಡು, ಒಂದನ್ನ ಬಿಲದೊಳಗೆ ತೂರಿಸು ಅಂತ ಕಥೆ ಹೇಳಿ ಒಂದು ವಾರದಲ್ಲಿ ಮುಗಿಸಿದ್ರು. ಆ ವೇರ್‌ಆಸ್ ಯಾವನೂ ಬರೀಲಿಲ್ಲ.

ಮೈಕ್ ಕೊಟ್ಟಾಗ ಟೀಚರ್ ಮಾತಾಡಿದ್ದು ಒಂದು ನಿಮಿಷ ಇರ್ಬೇಕು, ಅದರಲ್ಲಿ ಅರ್ಧ ಕ್ಲಾಸ್‌ರೂಮ್ ಕ್ಲೀನ್ ಮಾಡೋರಿಗೆ ಥ್ಯಾಂಕ್ಸ್ ಹೇಳಿದ್ದು. ಫೋಟೋ ಆಯ್ತು. ಮುಂದಿನ ಐಟಂ ಆಸ್ಪತ್ರೆಯ ಯಾವುದೋ ಕಾಂಟ್ರಾಕ್ಟು, ಅಷ್ಟೊತ್ತಿಗೆ ಅರ್ಧ ಹಾಲ್ ಖಾಲಿ.

ಇದನ್ನ ನೋಡ್ತಾ ನಮ್ಮ ದೊಡ್ಡಪ್ಪ ಕಣ್ಮುಂದೆ ಬಂದ್ರು. ಹಳ್ಳಿ ಸ್ಕೂಲ್ ಮೇಷ್ಟ್ರು ಅವರು, ಒಂದ್ಸಲ ಸೆಪ್ಟೆಂಬರ್ 5ಕ್ಕೆ ತಾಲ್ಲೂಕಿನ ಉತ್ತಮ ಶಿಕ್ಷಕ ಅಂತ ಕರೆದ್ರು. ಹತ್ತು ಗಂಟೆಗೆ ಬನ್ನಿ ಅಂದಿದ್ರು, ಗಣ್ಯರು ಬಂದಿದ್ದು ಒಂದೂವರೆಗೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಎಲ್ರ ಭಾಷಣ ಮುಗಿದು ದೊಡ್ಡಪ್ಪನ ಸರದಿ ಬಂದಾಗ ಮೂರು ಗಂಟೆ, ಪೇಟ ಕಣ್ಣಿನ ತನಕ ಇಳೀತಿತ್ತು, ಹಣ್ಣಿನ ಬುಟ್ಟೀಲಿ ಮೇಲೆ ಎರಡು ಸೇಬು ಕೆಳಗೆಲ್ಲಾ ಹುಲ್ಲು. ಆದ್ರೂ ಆ ಫೋಟೋ ಇವತ್ತಿಗೂ ನಡುಮನೇಲಿ ದೇವರ ಪಟದ ಪಕ್ಕ ಇದೆ. ಶಾಲು ಮಾತ್ರ ದೊಡ್ಡಮ್ಮ ಎತ್ಕೊಂಡ್ರು, ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಸುತ್ತೋಕೆ. ಹಿಟ್ಟು ಚೆನ್ನಾಗಿ ಉಬ್ಬುತ್ತೆ ಅಂತ ಬಂದೋರಿಗೆಲ್ಲಾ ಹೇಳ್ತಿದ್ರು.

ಸೆಪ್ಟೆಂಬರ್ 5 ಶಿಕ್ಷಕರ ದಿನ ಆಗಿದ್ದು 1962ರಿಂದ, ರಾಧಾಕೃಷ್ಣನ್ ಹುಟ್ಟಿದ ದಿನ ಅಂತ. ಅವರು ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಪಾಠ ಮಾಡಿದ್ದು 1918ರಿಂದ ಮೂರೇ ವರ್ಷ, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ ತನಕ ಎಳ್ಕೊಂಡು ಹೋದ್ರಂತೆ. ಅದಕ್ಕೆ ಅಜೆಂಡಾ ಇರ್ಲಿಲ್ಲ, ಠರಾವೂ ಇರ್ಲಿಲ್ಲ. ಕುದುರೆಯವನಿಗೆ ಬಾಡಿಗೆ ಪೂರ್ತಿ ಕೊಟ್ರೋ ಇಲ್ವೋ ಅನ್ನೋದೊಂದೇ ನನ್ನ ಚಿಂತೆ.

ಆ ರಾತ್ರಿ ದೊಡ್ಡಮ್ಮಂಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. "ದುಡ್ಡು ಎಷ್ಟು ಕೊಟ್ರು?" ಅಂದ್ರು. ಇಲ್ಲ ದೊಡ್ಡಮ್ಮ, ಒಂದು ಸರ್ಟಿಫಿಕೇಟು. "ಊಟ?" ಅದೂ ಇಲ್ಲ. "ಹೋಗ್ಲಿ, ಶಾಲಾದ್ರೂ ಹೊದ್ಸಿದ್ರಾ?" ಇಲ್ಲ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ, ಲೈನ್ ಕಟ್ಟಾಯ್ತೇನೋ ಅನ್ಕೊಂಡೆ.

"ಅಯ್ಯೋ ಪಾಪ, ಅಷ್ಟು ಚಳಿ ಊರಲ್ಲಿ ಆಯಮ್ಮ ಹಿಟ್ಟಿಗೆ ಏನ್ ಸುತ್ತುತ್ತೋ" ಅಂದ್ರು.