ಸ್ಪಷ್ಟನೆ: ಚಾರಿಟಿ ಡಿನ್ನರ್ ಟಿಕೆಟ್ ಪೂರ್ತಿ ದಾನವಲ್ಲ

ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ದೊಡ್ಡ ಹೋಟೆಲಿನ ಚಾರಿಟಿ ಡಿನ್ನರ್‌ಗೆ ಸಾವಿರಾರು ರೂಪಾಯಿ ಕೊಟ್ಟರೆ ಅಷ್ಟೂ ಹಣ ಬಡಮಕ್ಕಳಿಗೆ ಹೋಗುತ್ತದೆ, ಪೂರ್ತಿ ಮೊತ್ತಕ್ಕೆ 80ಜಿ ತೆರಿಗೆ ಕಡಿತವೂ (ಕೊಟ್ಟ ದಾನವನ್ನು ತೆರಿಗೆ ಕಟ್ಟಬೇಕಾದ ಆದಾಯದಿಂದ ಕಳೆಯುವ ಸೌಲಭ್ಯ) ಸಿಗುತ್ತದೆ ಅಂತ. ಮೊದಲನೆಯದಕ್ಕೆ ಖಾತ್ರಿ ಇಲ್ಲ, ಎರಡನೆಯದು ತಪ್ಪು.

80ಜಿ ಇರುವುದು ದಾನಕ್ಕೆ. ಟಿಕೆಟ್ ಕೊಂಡರೆ ನಮಗೆ ಊಟ ಸಿಗುತ್ತದೆ, ಅದು ಖರೀದಿ. ನಿಜವಾದ ದಾನಕ್ಕೂ ಹೆಚ್ಚಿನ ಸಂಸ್ಥೆಗಳಲ್ಲಿ ಅರ್ಧ ಮೊತ್ತಕ್ಕೆ ಮಾತ್ರ ಕಡಿತ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗಂತೂ ಏನೂ ಇಲ್ಲ.

ಇನ್ನು ಹಣ. ಶೆಫ್ ಸಂಭಾವನೆ, ಟ್ರಫಲ್ ಎಂಬ ದುಬಾರಿ ಅಣಬೆ, ಆಮದು ಚೀಸ್, ವೈನ್, ಹಾಲ್ ಬಾಡಿಗೆ, ಜಿಎಸ್‌ಟಿ: ಪ್ರಾಯೋಜಕರು ಹೊತ್ತುಕೊಳ್ಳದಿದ್ದರೆ ಎಲ್ಲವೂ ಟಿಕೆಟ್ ಹಣದಿಂದಲೇ ಹೋಗಬೇಕಲ್ವಾ? ‘ಲಾಭದ ಒಂದು ಪಾಲು ದಾನಕ್ಕೆ’ ಅಂತಿದ್ದರೆ ಎಷ್ಟು ಪಾಲು, ಯಾವ ಟ್ರಸ್ಟ್‌ಗೆ ಅಂತ ಧೈರ್ಯವಾಗಿ ಕೇಳಿ. ಮಕ್ಕಳ ಹೆಸರಲ್ಲಿ ಹಣ ಎತ್ತುವವರು ಲೆಕ್ಕ ಕೊಡಲೇಬೇಕು. ಮಹಾರಾಷ್ಟ್ರದ ಟ್ರಸ್ಟ್‌ಗಳ ನೋಂದಣಿಯನ್ನು ಚಾರಿಟಿ ಕಮಿಷನರ್ ಕಚೇರಿಯಲ್ಲಿ ವಿಚಾರಿಸಬಹುದು, ಮುಂಬೈಯಲ್ಲಿ ಅದು ವರ್ಳಿಯಲ್ಲಿದೆ. 80ಜಿ ಮಾನ್ಯತೆ ಇದೆಯೇ ಎಂದು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಬಹುದು.

ಊಟ ಇಷ್ಟವಾದರೆ ಹೋಗಿ. ದಾನವನ್ನು ಮಾತ್ರ ಬೇರೆಯಾಗಿ ಟ್ರಸ್ಟಿನ ಖಾತೆಗೇ ಹಾಕಿ, ರಸೀದಿ ತೆಗೆದುಕೊಳ್ಳಿ.